ಹೇಳಿ ಮಾಡಿಸಿದ ಗಿಟಾರ್: ಅಪರೂಪದ ಮರಕ್ಕೆ ದುಡ್ಡು ಸುರಿದರೆ ನಾದವೂ ಹೆಚ್ಚುತ್ತದೆಯೇ?

"ಅಪರೂಪದ ಮರ ಹಾಕಿಸಿದರೆ ಗಿಟಾರ್‌ನ ನಾದವೇ ಬೇರೆ." "ಕಸ್ಟಮ್ ಗಿಟಾರ್ ಅಂಗಡಿಯಲ್ಲಿ ಸಿಗುವ ಗಿಟಾರ್‌ಗಿಂತ ಯಾವಾಗಲೂ ಮೇಲು." "ಡೀಲರ್ ಬರೀ ದಲ್ಲಾಳಿ, ನೇರವಾಗಿ ಕಂಪನಿಗೇ ಬರೆಯಿರಿ." "ನುಡಿಸುತ್ತಾ ಹೋದಂತೆ ಗಿಟಾರ್ ತಾನಾಗಿಯೇ ಪಳಗುತ್ತದೆ."

ಸಂಗೀತದ ಹುಚ್ಚಿರುವವರ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಇಂಥ ಮಾತುಗಳಲ್ಲಿ ಒಂದಾದರೂ ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕೆಲಸ ಮಾಡುತ್ತಿರುವ, ಸಕಲೇಶಪುರ ಮೂಲದ ನಮ್ಮ ಓದುಗರೊಬ್ಬರು ಇವೆಲ್ಲವನ್ನೂ ಒಟ್ಟಿಗೇ ನಮಗೆ ಕಳಿಸಿದ್ದಾರೆ. ಹಲವು ವರ್ಷ ಹಣ ಕೂಡಿಸಿ, ಅಲ್ಲಿನ ಡೀಲರ್ ಮೂಲಕ ಒಂದು ಅಕೌಸ್ಟಿಕ್ ಗಿಟಾರ್ ಮಾಡಿಸಲು ಹೊರಟಿದ್ದಾರೆ. ಸಾಮಾನ್ಯ ಬೀಟೆ ಮರದ ಬದಲು ಬ್ರೆಜಿಲ್‌ನ ಬೀಟೆ ಬೇಕೆಂದರೆ ಇನ್ನೂ ಹಲವು ಸಾವಿರ ಡಾಲರ್ ಆಗುತ್ತದೆ ಎಂದು ಡೀಲರ್ ಹೇಳಿದ್ದಾರಂತೆ. ಊರಿನಲ್ಲಿರುವ ಸೋದರಮಾವ ಫೋನ್ ಮಾಡಿ, "ಅದೇನು ಬ್ರೆಜಿಲ್ಲು? ನಮ್ಮ ತೋಟದಲ್ಲೇ ಬೀಟೆ ಇದೆಯಲ್ಲೋ, ಒಂದು ಹಲಗೆ ಕಳಿಸಲಾ?" ಎಂದು ಕೇಳಿದ್ದಾರಂತೆ. "ಜೀವಮಾನದಲ್ಲಿ ಒಂದೇ ಸಲ ಮಾಡಿಸುವುದು. ಎಲ್ಲಿ ಖರ್ಚು ಮಾಡಲಿ, ಎಲ್ಲಿ ಬಿಡಲಿ?" ಎಂಬುದು ಅವರ ಪ್ರಶ್ನೆ.

ಈ ಮಾತುಗಳಲ್ಲಿ ಯಾವುದು ನಿಜ, ಯಾವುದು ಬರೀ ನಂಬಿಕೆ ಎಂದು ಒಂದೊಂದಾಗಿ ನೋಡೋಣ.

ಮೊದಲು, ಕಸ್ಟಮ್ ಗಿಟಾರ್ ಅಂದರೆ ಏನು?

ಅಮೆರಿಕದ ದೊಡ್ಡ ಗಿಟಾರ್ ಕಂಪನಿಗಳು ಪ್ರತಿವರ್ಷ ನಿಗದಿತ ಮಾಡೆಲ್‌ಗಳನ್ನು ತಯಾರಿಸಿ ಅಂಗಡಿಗಳಿಗೆ ಕಳಿಸುತ್ತವೆ. ಇದರ ಜೊತೆಗೆ ಕೆಲವು ಕಂಪನಿಗಳಲ್ಲಿ 'ಕಸ್ಟಮ್ ಶಾಪ್' ಎಂಬ ವಿಭಾಗವಿರುತ್ತದೆ. ಅಲ್ಲಿ ಗ್ರಾಹಕರು ಆರಿಸಿದಂತೆ ಒಂದೊಂದೇ ಗಿಟಾರ್ ಕಟ್ಟುತ್ತಾರೆ. ದೇಹದ ಆಕಾರ, ಮುಂದಿನ ಹಲಗೆಯ ಮರ, ಹಿಂಬದಿಯ ಮರ, ನೆಕ್ಕಿನ ಅಗಲ, ಒಳಗಿನ ಪಟ್ಟಿಗಳ ಜೋಡಣೆ, ಅಂಚಿನ ಅಲಂಕಾರ ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಗುರುತು ಹಾಕಿ ಕೊಡಬೇಕು.

ಒಬ್ಬರೇ ಕೂತು ಗಿಟಾರ್ ಕಟ್ಟುವ ಕುಶಲಕರ್ಮಿಗಳೂ ಇದ್ದಾರೆ. ಅವರ ಬಳಿ ನೇರವಾಗಿ ಆರ್ಡರ್ ಕೊಡಬಹುದು, ಆದರೆ ಕಾಯಬೇಕು. ವರ್ಜೀನಿಯಾದ ರಗ್ಬಿ ಎಂಬ ಪುಟ್ಟ ಊರಿನ ವೇಯ್ನ್ ಹೆಂಡರ್ಸನ್ ಹಳ್ಳಿಯ ಅಂಚೆಯವರಾಗಿ ಕೆಲಸ ಮಾಡುತ್ತಲೇ ಗಿಟಾರ್ ಕಟ್ಟಿದವರು. ಅವರಿಂದ ಗಿಟಾರ್ ಪಡೆಯಲು ಎರಿಕ್ ಕ್ಲಾಪ್ಟನ್‌ನಂಥ ಜಗತ್ಪ್ರಸಿದ್ಧ ಕಲಾವಿದರೂ ವರ್ಷಗಟ್ಟಲೆ ಕಾಯಬೇಕಾಯಿತು. ಅದರ ಕಥೆಯೇ 2005ರಲ್ಲಿ ಪುಸ್ತಕವಾಗಿ ಬಂತು.

ನಮ್ಮಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ವೀಣೆ ಮಾಡಿಸುವವರು ತಯಾರಕರ ಎದುರೇ ಕೂತು ಮಾತಾಡಬಹುದು. ದೊಡ್ಡ ಗಿಟಾರ್ ಕಾರ್ಖಾನೆಗಳಲ್ಲಿ ಅದು ಸಾಧ್ಯವಿಲ್ಲ. ಅಲ್ಲಿ ನಿಮ್ಮ ಪರವಾಗಿ ಮಾತಾಡುವವರು ಡೀಲರ್.

ಮಾತು 1: "ಡೀಲರ್ ಬರೀ ದಲ್ಲಾಳಿ, ನೇರವಾಗಿ ಕಂಪನಿಯಿಂದ ಮಾಡಿಸಿದರೆ ಅಗ್ಗ"

ಇದು ಹೆಚ್ಚಿನ ದೊಡ್ಡ ಕಂಪನಿಗಳ ಮಟ್ಟಿಗೆ ತಪ್ಪು. ಮಾರ್ಟಿನ್, ಟೇಲರ್, ಕಾಲಿಂಗ್ಸ್‌ನಂಥ ಕಂಪನಿಗಳು ಕಸ್ಟಮ್ ಆರ್ಡರನ್ನು ಅಧಿಕೃತ ಡೀಲರ್ ಮೂಲಕವೇ ಪಡೆಯುತ್ತವೆ.

ಕಾರಣ ಸರಳ. ವರ್ಷವಿಡೀ ಕಂಪನಿಯ ಗಿಟಾರ್‌ಗಳನ್ನು ಹಣ ಕೊಟ್ಟು ತರಿಸಿ, ಅಂಗಡಿಯಲ್ಲಿ ನೇತುಹಾಕಿ ಮಾರುವವರು ಡೀಲರ್‌ಗಳು. ಗ್ರಾಹಕ ನಡುವೆ ಕೈಬಿಟ್ಟರೆ ಆ ಗಿಟಾರನ್ನು ಇಟ್ಟುಕೊಂಡು ಇನ್ನೊಬ್ಬರಿಗೆ ಮಾರಬೇಕಾದ ಹೊಣೆಯೂ ಅವರದ್ದೇ. ಹಾಗಾಗಿ ಒಳ್ಳೆಯ ಡೀಲರ್ ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಿಲ್ಲ. "ಈ ಆಕಾರಕ್ಕೆ ಈ ಮರ ಬೇಡ, ನೀವು ಬೆರಳಿನಲ್ಲಿ ನುಡಿಸುವವರು, ಇಷ್ಟು ದೊಡ್ಡ ದೇಹ ಯಾಕೆ?" ಎಂದು ಕೇಳುತ್ತಾರೆ. ನೀವು "ಬೆಚ್ಚಗಿನ ನಾದ ಬೇಕು" ಎಂದರೆ ಕಾರ್ಖಾನೆಗೆ ಅರ್ಥವಾಗುವುದಿಲ್ಲ. ಅದನ್ನು ಅಳತೆಗೂ ಮಾಡೆಲ್ ಸಂಖ್ಯೆಗೂ ಇಳಿಸಿ ಬರೆಯುವುದೇ ಡೀಲರ್ ಕೆಲಸ.

ಇತಿಹಾಸದಲ್ಲೂ ಇದಕ್ಕೆ ಸೊಗಸಾದ ಉದಾಹರಣೆಯಿದೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕಾಣುವ ದೊಡ್ಡ ಹೊಟ್ಟೆಯ ಗಿಟಾರ್ ಆಕಾರದ ಹೆಸರು ಡ್ರೆಡ್‌ನಾಟ್. 1833ರಲ್ಲಿ ಶುರುವಾದ ಮಾರ್ಟಿನ್ ಕಂಪನಿ 1916ರಲ್ಲಿ ಇದನ್ನು ಮೊದಲು ಕಟ್ಟಿದ್ದು ತನ್ನ ಹೆಸರಿನಲ್ಲಿ ಅಲ್ಲ, ಆಲಿವರ್ ಡಿಟ್ಸನ್ ಎಂಬ ಸಂಗೀತ ಅಂಗಡಿಗಳ ಸಂಸ್ಥೆಗಾಗಿ. ಬ್ರಿಟನ್ನಿನ ಪ್ರಸಿದ್ಧ ಯುದ್ಧನೌಕೆಯ ಹೆಸರನ್ನೇ ಇಟ್ಟರು. ಮಾರ್ಟಿನ್ ತನ್ನದೇ ಹೆಸರಿನಲ್ಲಿ ಆ ಆಕಾರವನ್ನು ಮಾರಲು ಶುರುಮಾಡಿದ್ದು 1931ರಲ್ಲಿ. ಅಂದರೆ ಇಂದು ಎಲ್ಲೆಲ್ಲೂ ಕಾಣುವ ಈ ಗಿಟಾರ್ ಹುಟ್ಟಿದ್ದೇ ಒಬ್ಬ ಡೀಲರ್ ಕೊಟ್ಟ ಆರ್ಡರಿನಿಂದ!

ಮಾತು 2: "ಅಪರೂಪದ ಮರ ಹಾಕಿಸಿದರೆ ನಾದ ಹೆಚ್ಚುತ್ತದೆ"

ಅತಿ ಹೆಚ್ಚು ಹಣ ಕರಗುವುದು ಈ ನಂಬಿಕೆಯಲ್ಲೇ. ಮೊದಲು ಗಿಟಾರ್ ಸದ್ದು ಮಾಡುವುದು ಹೇಗೆ ಎಂದು ನೋಡೋಣ.

ತಂತಿ ಮೀಟಿದಾಗ ತಂತಿಯೊಂದೇ ಮಾಡುವ ಸದ್ದು ತೀರಾ ಸಣ್ಣದು. ಅದರ ಕಂಪನ ಬ್ರಿಡ್ಜ್ ಮೂಲಕ ಮುಂದಿನ ಹಲಗೆಗೆ ಇಳಿಯುತ್ತದೆ. ಟಾಪ್ ಎಂದು ಕರೆಯುವ ಈ ಹಲಗೆಯ ದಪ್ಪ ಸಾಮಾನ್ಯವಾಗಿ 3 ಮಿಲಿಮೀಟರ್‌ನ ಆಸುಪಾಸು. ಹೆಚ್ಚಾಗಿ ಸ್ಪ್ರೂಸ್ ಎಂಬ, ಹಗುರವಾದರೂ ಗಟ್ಟಿಯಾದ ಮರದಿಂದ ಮಾಡಿರುತ್ತಾರೆ. ಆರು ಉಕ್ಕಿನ ತಂತಿಗಳು ಒಟ್ಟಿಗೆ ಸುಮಾರು 70 ಕೆ.ಜಿ.ಗೂ ಹೆಚ್ಚು ಬಲದಿಂದ ಎಳೆಯುತ್ತಿರುತ್ತವೆ. ಆ ಎಳೆತ ತಡೆದುಕೊಳ್ಳುವಷ್ಟು ಗಟ್ಟಿಯಾಗಿ, ಆದರೂ ತಮಟೆಯ ಚರ್ಮದಂತೆ ಕಂಪಿಸುವಷ್ಟು ತೆಳ್ಳಗೆ ಇರಬೇಕು. ಅದಕ್ಕಾಗಿ ಒಳಗಡೆ ಮರದ ಸಣ್ಣ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಇದಕ್ಕೆ ಬ್ರೇಸಿಂಗ್ ಎನ್ನುತ್ತಾರೆ. ಟಾಪ್ ಮತ್ತು ಗಿಟಾರ್ ಹೊಟ್ಟೆಯೊಳಗಿನ ಗಾಳಿ ಸೇರಿ ನಾವು ಕೇಳುವ ಸದ್ದಿನ ಬಹುಪಾಲನ್ನು ಹುಟ್ಟಿಸುತ್ತವೆ.

ಹಿಂಬದಿ ಮತ್ತು ಪಕ್ಕದ ಹಲಗೆಗಳ ಪಾಲು ಇದಕ್ಕಿಂತ ಚಿಕ್ಕದು. ಆದರೆ ವಿಚಿತ್ರ ನೋಡಿ, 'ಅಪರೂಪದ ಮರ' ಎಂದು ಸಾವಿರಾರು ಡಾಲರ್ ಹೆಚ್ಚು ಕೇಳುವುದು ಹೆಚ್ಚಾಗಿ ಈ ಹಿಂಬದಿ ಹಲಗೆಗೇ!

ಇದನ್ನು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ ನೋಡಿದರು. ರೋಜರ್ ಬಕ್ನಾಲ್ ಎಂಬ ಅನುಭವಿ ತಯಾರಕರು ಒಂದೇ ವಿನ್ಯಾಸದ ಆರು ಗಿಟಾರ್ ಕಟ್ಟಿಕೊಟ್ಟರು. ಆರರಲ್ಲೂ ಟಾಪ್ ಒಂದೇ ಜಾತಿಯ ಸ್ಪ್ರೂಸ್. ಹಿಂಬದಿ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ: ಬ್ರೆಜಿಲಿಯನ್ ಬೀಟೆ, ಭಾರತದ ಬೀಟೆ, ಮಹೋಗನಿ, ಮೇಪಲ್, ಸಪೇಲಿ ಮತ್ತು ವಾಲ್ನಟ್. 52 ಮಂದಿ ಗಿಟಾರ್ ವಾದಕರು ಮಂದ ಬೆಳಕಿನಲ್ಲಿ, ಮರ ಯಾವುದೆಂದು ಕಾಣದಂತೆ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಆರನ್ನೂ ನುಡಿಸಿ ಅಂಕ ಕೊಟ್ಟರು.

ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಆರೂ ಗಿಟಾರ್‌ಗಳಿಗೆ ಬಿದ್ದ ಅಂಕ ಸುಮಾರು ಒಂದೇ! ಅತ್ಯಂತ ದುಬಾರಿಯಾದ ಬ್ರೆಜಿಲಿಯನ್ ಬೀಟೆಗೂ ಅಗ್ಗದ ಸಪೇಲಿಗೂ ಎದ್ದು ಕಾಣುವ ವ್ಯತ್ಯಾಸ ಇರಲಿಲ್ಲ. ಮರದ ಹೆಸರು ಕಣ್ಣಿಗೆ ಬೀಳದಿದ್ದಾಗ ಕಿವಿಗೂ ಅದು ಅಷ್ಟಾಗಿ ಬೀಳಲಿಲ್ಲ.

ಇದು ಹೊಸ ವಿಚಾರವೂ ಅಲ್ಲ. ಇಂದಿನ ಶಾಸ್ತ್ರೀಯ ಗಿಟಾರ್‌ನ ರೂಪ ಕೊಟ್ಟ ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಒಂದು ಗಿಟಾರ್ ಕಟ್ಟಿದರು. ಟಾಪ್ ಸ್ಪ್ರೂಸ್ ಮರದ್ದು, ಹಿಂಬದಿ ಮತ್ತು ಪಕ್ಕ ಮಾತ್ರ ರಟ್ಟಿನದು! ನಾದದ ಗುಟ್ಟು ಟಾಪ್‌ನಲ್ಲಿದೆ ಎಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. 1995ರಲ್ಲಿ ಕ್ಯಾಲಿಫೋರ್ನಿಯಾದ ಟೇಲರ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾಮಾನು ಹೇರಲು ಬಳಸಿ ಬಿಸಾಡಿದ ಮರದ ಪ್ಯಾಲೆಟ್‌ನಿಂದ ಗಿಟಾರ್ ಕಟ್ಟಿ ಪ್ರದರ್ಶನಕ್ಕಿಟ್ಟಿತು. ಮೊಳೆ ಹೊಡೆದ ತೂತುಗಳ ಗುರುತು ಅದರ ಮೇಲೆ ಕಾಣುತ್ತದೆ. ಸದ್ದು ಮಾತ್ರ ಒಳ್ಳೆಯ ಗಿಟಾರಿನದೇ.

ಹಾಗಾದರೆ ಮರಕ್ಕೆ ಬೆಲೆಯೇ ಇಲ್ಲವೇ? ಹಾಗಲ್ಲ. ಟಾಪ್‌ನ ಮರ ಮುಖ್ಯ. ಚೆನ್ನಾಗಿ ಒಣಗಿರುವುದು, ನಾರು ನೇರವಾಗಿರುವುದು ಮುಖ್ಯ. ಹಿಂಬದಿಯ ಮರವೂ ಅಲ್ಪಸ್ವಲ್ಪ ಬಣ್ಣ ಕೊಡಬಹುದು. ಆದರೆ ಒಂದೇ ಜಾತಿಯ ಎರಡು ಹಲಗೆಗಳೇ ಒಂದರಂತೆ ಒಂದು ಇರುವುದಿಲ್ಲ. ಹಲಗೆಯನ್ನು ಎಷ್ಟು ತೆಳ್ಳಗೆ ಮಾಡಬೇಕು, ಬ್ರೇಸಿಂಗ್ ಎಲ್ಲಿ ಕೆತ್ತಬೇಕು ಎಂದು ತಿಳಿದ ಕೈಯೇ ಮರದ ಹೆಸರಿಗಿಂತ ದೊಡ್ಡದು. ಬೀಟೆಯ ಬಣ್ಣ, ಗೆರೆಗಳ ಚೆಲುವು ನಿಮಗೆ ಇಷ್ಟವಾದರೆ ಅದಕ್ಕೆ ಹಣ ಕೊಡಿ, ತಪ್ಪೇನಿಲ್ಲ. ಆದರೆ ಅದು ಕಣ್ಣಿಗೆ ಕೊಡುತ್ತಿರುವ ಹಣ ಎಂದು ತಿಳಿದು ಕೊಡಿ.

ನೀವೇ ಪರೀಕ್ಷೆ ಮಾಡಬಹುದು. ಡೀಲರ್ ಅಂಗಡಿಗೆ ಸ್ನೇಹಿತರೊಬ್ಬರನ್ನು ಕರೆದೊಯ್ಯಿರಿ. ಒಂದೇ ಆಕಾರದ, ಬೇರೆ ಬೇರೆ ಮರದ ಮೂರು ಗಿಟಾರ್ ಆರಿಸಿ. ಕಣ್ಣು ಮುಚ್ಚಿ ಕೂರಿ, ಅವರು ಒಂದೊಂದಾಗಿ ನಿಮ್ಮ ಕೈಗಿಡಲಿ. ಹತ್ತು ಸಲ ಅದಲು ಬದಲು ಮಾಡಲಿ. ಪ್ರತಿ ಸಲವೂ ಇದು ಯಾವ ಮರ ಎಂದು ಹೇಳಿ, ಅವರು ಬರೆದುಕೊಳ್ಳಲಿ. ಆಮೇಲೆ ಲೆಕ್ಕ ನೋಡಿ. ಈ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ, ಆದರೆ ಸಾವಿರಾರು ಡಾಲರ್ ಉಳಿಸಬಹುದು.

ಹಾಗಾದರೆ ಕಸ್ಟಮ್ ಆರ್ಡರ್‌ನಲ್ಲಿ ಯಾವುದಕ್ಕೆ ಗಮನ ಕೊಡಬೇಕು?

ನಿಮ್ಮ ಮೈಗೆ, ನಿಮ್ಮ ಕೈಗೆ ಹೊಂದುವ ಅಳತೆಗಳಿಗೆ. ಬಟ್ಟೆ ಹೊಲಿಸುವಾಗ ರೇಷ್ಮೆಯೋ ಹತ್ತಿಯೋ ಎನ್ನುವುದಕ್ಕಿಂತ ತೋಳಿನ ಅಳತೆ ಸರಿ ಇರಬೇಕು, ಅಲ್ಲವೇ? ಗಿಟಾರಿನಲ್ಲೂ ಅಷ್ಟೇ.

ಮೊದಲನೆಯದು ದೇಹದ ಆಕಾರ. ದೊಡ್ಡ ದೇಹದಲ್ಲಿ ಮಂದ್ರದ ಸ್ವರಗಳು ತುಂಬಿ ಬರುತ್ತವೆ, ಹಾಡಿಗೆ ಜೊತೆಯಾಗಿ ಜೋರಾಗಿ ನುಡಿಸುವವರಿಗೆ ಚೆನ್ನ. ಆದರೆ ಸೋಫಾದಲ್ಲಿ ಕೂತು ನುಡಿಸುವಾಗ ಭುಜ ನೋಯಬಹುದು. ಬೆರಳಿನಲ್ಲಿ ಮೆಲ್ಲಗೆ ನುಡಿಸುವವರು ಸೊಂಟ ಸಣ್ಣಗಿರುವ ಚಿಕ್ಕ ದೇಹವನ್ನು ಇಷ್ಟಪಡುತ್ತಾರೆ.

ಎರಡನೆಯದು ತಂತಿಯ ಉದ್ದ, ಅಂದರೆ ನಟ್‌ನಿಂದ ಸ್ಯಾಡಲ್‌ವರೆಗಿನ ಅಳತೆ. ಇದನ್ನು ಸ್ಕೇಲ್ ಎನ್ನುತ್ತಾರೆ. ಸಾಮಾನ್ಯವಾಗಿ 25.4 ಇಂಚು ಅಥವಾ 24.9 ಇಂಚು. ಅರ್ಧ ಇಂಚಿನಲ್ಲಿ ಏನಿದೆ ಎನ್ನಬೇಡಿ. ಅದೇ ತಂತಿಯನ್ನು ಅದೇ ಶ್ರುತಿಗೆ ಕೂರಿಸಿದರೆ ಎಳೆತವು ಉದ್ದದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಲೆಕ್ಕ ಹಾಕಿದರೆ ಚಿಕ್ಕ ಸ್ಕೇಲ್‌ನಲ್ಲಿ ಎಳೆತ ಸುಮಾರು 4% ಕಡಿಮೆ. ಆರೂ ತಂತಿ ಸೇರಿ ಹೆಚ್ಚುಕಡಿಮೆ 3 ಕೆ.ಜಿ. ಬೆರಳು ನೋವಿರುವವರಿಗೆ ಇದು ಮೊದಲ ದಿನವೇ ಗೊತ್ತಾಗುತ್ತದೆ.

ಮೂರನೆಯದು ನೆಕ್ಕಿನ ಅಗಲ. ನಟ್ ಬಳಿ ಸಾಮಾನ್ಯ ಅಳತೆ 42.9 ಮಿ.ಮೀ. ಅಥವಾ 44.5 ಮಿ.ಮೀ. ಒಟ್ಟು ವ್ಯತ್ಯಾಸ 1.6 ಮಿಲಿಮೀಟರ್. ಎರಡು ತಂತಿಗಳ ನಡುವೆ ಸಿಗುವ ಹೆಚ್ಚುವರಿ ಜಾಗ ಸುಮಾರು 0.3 ಮಿಲಿಮೀಟರ್ ಮಾತ್ರ. ಆದರೂ ದಪ್ಪ ಬೆರಳಿನವರು ಕಣ್ಣು ಮುಚ್ಚಿಯೂ ಈ ವ್ಯತ್ಯಾಸ ಹೇಳಬಲ್ಲರು. ಹಿಂಬದಿ ಮರದ ವ್ಯತ್ಯಾಸಕ್ಕಿಂತ ಇದು ಎಷ್ಟೋ ಸ್ಪಷ್ಟ. ನೆಕ್ಕಿನ ಹಿಂಭಾಗದ ದಪ್ಪ, ಉಬ್ಬು ಕೂಡ ಹಾಗೆಯೇ.

ಇಲ್ಲೂ ಇತಿಹಾಸದ ಒಂದು ಆರ್ಡರ್ ನೆನಪಿಗೆ ಬರುತ್ತದೆ. 1929ರಲ್ಲಿ ಪೆರಿ ಬೆಕ್ಟೆಲ್ ಎಂಬ ಬ್ಯಾಂಜೊ ವಾದಕರು ಮಾರ್ಟಿನ್ ಕಂಪನಿಯನ್ನು ಕೇಳಿದ್ದೇನು? ಬ್ಯಾಂಜೊ ನುಡಿಸುವ ಕೈಗೆ ಒಗ್ಗುವ ಕಿರಿದಾದ ನೆಕ್, ಮತ್ತು ಬೆರಳು ಇನ್ನೂ ಮೇಲಿನ ಸ್ವರಗಳಿಗೆ ಸಲೀಸಾಗಿ ಹೋಗುವಷ್ಟು ಫ್ರೆಟ್‌ಗಳು. ಅಲ್ಲಿಯವರೆಗೆ ಮಾರ್ಟಿನ್ ಗಿಟಾರ್‌ಗಳಲ್ಲಿ ದೇಹದ ಹೊರಗೆ ಸಾಮಾನ್ಯವಾಗಿ 12 ಫ್ರೆಟ್ ಇರುತ್ತಿದ್ದವು. ಅವರಿಗಾಗಿ 14 ಫ್ರೆಟ್ ಇಟ್ಟು ಕಟ್ಟಿದರು. ಓಎಂ ಎಂಬ ಮಾದರಿ ಹುಟ್ಟಿದ್ದು ಹಾಗೆ. ಇಂದು ಉಕ್ಕಿನ ತಂತಿಯ ಹೆಚ್ಚಿನ ಗಿಟಾರ್‌ಗಳಲ್ಲಿ ದೇಹದ ಹೊರಗೆ ಇರುವುದು 14 ಫ್ರೆಟ್‌ಗಳೇ. ಡಿಟ್ಸನ್ ಆರ್ಡರ್ ಹೆಸರಾದದ್ದು ದೇಹದ ಗಾತ್ರದಿಂದ, ಬೆಕ್ಟೆಲ್ ಆರ್ಡರ್ ಹೆಸರಾದದ್ದು ನೆಕ್ಕಿನಿಂದ. ಎರಡರಲ್ಲೂ ಮುಖ್ಯವಾದದ್ದು ಅಳತೆ.

ಮಾತು 3: "ನಮ್ಮ ತೋಟದ ಬೀಟೆಯನ್ನೇ ಕಳಿಸಿದರೆ ಆಯಿತಲ್ಲ!"

ಸೋದರಮಾವನ ಮಾತಿನಲ್ಲಿ ಒಂದು ಸತ್ಯವಿದೆ. ಜಗತ್ತಿನ ಲಕ್ಷಾಂತರ ಗಿಟಾರ್‌ಗಳ ಹಿಂಬದಿಯಲ್ಲಿರುವುದು ನಮ್ಮ ಬೀಟೆಯೇ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳು ಕೊಡುವ, ಮೈಸೂರಿನ ಇನ್ಲೇ ಕಲೆಯಲ್ಲಿ ಬಳಸುವ ಅದೇ ಮರ. ಬ್ರೆಜಿಲಿಯನ್ ಬೀಟೆ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಅದರ ಪ್ರಸಿದ್ಧ ಡಿ-28 ಗಿಟಾರ್‌ನ ಹಿಂಬದಿ ಇಂದಿಗೂ ಭಾರತದ ಬೀಟೆಯೇ. ನಮ್ಮ ಓದುಗರಿಗೆ ಡೀಲರ್ ಹೇಳಿದ 'ಸಾಮಾನ್ಯ ಬೀಟೆ' ಅಂದರೆ ಅವರ ಊರಿನ ಮರವೇ!

ಆದರೆ ತೋಟದಿಂದ ಹಲಗೆ ಕೊಯ್ದು ಕಳಿಸುವುದು ಆಗದ ಮಾತು. ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಳಿವಿನ ಅಪಾಯಕ್ಕೆ ಸಿಲುಕಬಲ್ಲ ಮರಗಳ ಪಟ್ಟಿಯಲ್ಲಿ ಅದೂ ಇದೆ. ಹೊರದೇಶಕ್ಕೆ ಕಳಿಸಲು ಬೇರೆಯೇ ನಿಯಮಗಳಿವೆ. ಇದೆಲ್ಲ ದಾಟಿದರೂ, ಕಾನೂನು ಮೀರಿ ಬಂದ ಮರವನ್ನು ಅಮೆರಿಕಕ್ಕೆ ತರುವುದು ಅಲ್ಲಿನ ಲೇಸಿ ಕಾಯ್ದೆಯ ಪ್ರಕಾರ ಅಪರಾಧ. 2008ರಿಂದ ಈ ಕಾಯ್ದೆ ಮರಗಳಿಗೂ ವ್ಯಾಪಕವಾಗಿ ಅನ್ವಯಿಸುತ್ತದೆ. ಗಿಬ್ಸನ್‌ನಂಥ ಹೆಸರಾಂತ ಕಂಪನಿಯ ಮೇಲೂ 2009ರಲ್ಲಿ ಮತ್ತು 2011ರಲ್ಲಿ ಅಧಿಕಾರಿಗಳ ದಾಳಿ ನಡೆದಿತ್ತು. 2012ರಲ್ಲಿ ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು. ದೊಡ್ಡ ಕಂಪನಿಗೇ ಹೀಗಾದರೆ ಮಾವ ಪಾರ್ಸೆಲ್ ಮಾಡಿದ ಹಲಗೆಯ ಗತಿ ಏನು, ಯೋಚಿಸಿ.

ಇನ್ನು ಬ್ರೆಜಿಲಿಯನ್ ಬೀಟೆ. ಅದರ ಕಥೆ ಇನ್ನೂ ಗಂಭೀರ. ಬ್ರೆಜಿಲ್‌ನ ಅಟ್ಲಾಂಟಿಕ್ ತೀರದ ಕಾಡಿನ ಈ ಮರ ಅಳಿವಿನಂಚಿಗೆ ಬಂದದ್ದರಿಂದ, 1992ರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿದರು. ಹುಲಿ, ಆನೆಗಳಿಗೆ ಸಿಗುವಷ್ಟೇ ಬಿಗಿಯಾದ ರಕ್ಷಣೆ ಇದು. ಇಂದು ಕಾನೂನುಬದ್ಧವಾಗಿ ಸಿಗುವುದು ಹಳೆಯ ದಾಸ್ತಾನು, ಅದೂ ದಾಖಲೆಪತ್ರಗಳ ಸಮೇತ. ಹೊಸದಾಗಿ ಮಾಡಿಸಿದ ಗಿಟಾರ್‌ನಲ್ಲಿ ಈ ಮರವಿದ್ದರೆ, ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯಲು ಅನುಮತಿ ಪತ್ರ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಗಿಟಾರ್ ಕೈಬಿಟ್ಟು ಹೋಗಬಹುದು.

ಭಾರತದ ಬೀಟೆಗೆ ಅಷ್ಟು ತೊಡಕಿಲ್ಲ. 2017ರ ಜನವರಿಯಲ್ಲಿ ಎಲ್ಲ ಜಾತಿಯ ಬೀಟೆಗಳಿಗೂ ಸೈಟಿಸ್ ನಿಯಮ ಬಂದಾಗ ಗಿಟಾರ್ ವ್ಯಾಪಾರವೇ ಗಲಿಬಿಲಿಗೊಂಡಿತ್ತು. 2019ರ ನವೆಂಬರ್‌ನಿಂದ ಪೂರ್ತಿ ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಬ್ರೆಜಿಲಿಯನ್ ಬೀಟೆಗೆ ಈ ವಿನಾಯಿತಿ ಇಲ್ಲ.

ನಮ್ಮ ಓದುಗರಿಗೆ ಇದೇ ನಿರ್ಣಾಯಕವಾದ ವಿಷಯ. ಹಬ್ಬಕ್ಕೆ ಊರಿಗೆ ಬರುವಾಗ ಗಿಟಾರ್ ತರಬೇಕು, ಜಗಲಿಯಲ್ಲಿ ಕೂತು ನುಡಿಸಬೇಕು ಎಂಬುದು ಅವರ ಆಸೆ. ಹಲವು ಸಾವಿರ ಡಾಲರ್ ಹೆಚ್ಚು ಕೊಟ್ಟು, ಊರಿಗೆ ತರಲು ಹೆದರಬೇಕಾದ ಗಿಟಾರ್ ಮಾಡಿಸುವುದರಲ್ಲಿ ಅರ್ಥವಿಲ್ಲ.

ಮಾತು 4: "ಈಗ ನಾದ ಸಾಲದಿದ್ದರೂ ಪರವಾಗಿಲ್ಲ, ನುಡಿಸುತ್ತಾ ಪಳಗುತ್ತದೆ"

ಇದನ್ನು ನಂಬಿ ಇಷ್ಟವಿಲ್ಲದ ಗಿಟಾರನ್ನೇ ಒಪ್ಪಿಕೊಳ್ಳುವವರಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪಿಟೀಲಿನ ಮೇಲೆ ಇಂಥದ್ದೇ ಪರೀಕ್ಷೆ ನಡೆಸಿದ್ದರು. ಒಬ್ಬರೇ ತಯಾರಕರು, ಒಂದೇ ಬಗೆಯ ಮರದಿಂದ ಎರಡು ಪಿಟೀಲು ಮಾಡಿಕೊಟ್ಟರು. ಒಂದನ್ನು ವೃತ್ತಿಪರ ಕಲಾವಿದರು ನಿಯಮಿತವಾಗಿ ನುಡಿಸಿದರು, ಇನ್ನೊಂದು ವಸ್ತುಸಂಗ್ರಹಾಲಯದಲ್ಲಿ ಕೂತಿತ್ತು. ಮೂರು ವರ್ಷದ ನಂತರ ನುಡಿಸಿದವರಿಗೂ ಕೇಳಿದವರಿಗೂ ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಪಳಗುವುದು ಹೆಚ್ಚಾಗಿ ನಾವು. ಕೈ ಆ ವಾದ್ಯಕ್ಕೆ ಒಗ್ಗುತ್ತದೆ, ಕಿವಿ ಆ ನಾದಕ್ಕೆ ಹೊಂದುತ್ತದೆ. ಹಾಗಾಗಿ ಮೊದಲ ದಿನ ಏನೋ ಸರಿಯಿಲ್ಲ ಎನಿಸಿದರೆ ಅಂದೇ ಡೀಲರ್‌ಗೆ ಹೇಳಿ. ವರ್ಷ ಕಳೆದ ಮೇಲೆ ಹೇಳಿದರೆ ಕೇಳುವವರಿರುವುದಿಲ್ಲ.

"ಕಸ್ಟಮ್ ಯಾವಾಗಲೂ ಮೇಲು" ಎಂಬುದೂ ಪೂರ್ತಿ ನಿಜವಲ್ಲ

ಅಂಗಡಿಯಲ್ಲಿ ನೇತುಹಾಕಿದ ಗಿಟಾರ್‌ಗೆ ಒಂದು ದೊಡ್ಡ ಅನುಕೂಲವಿದೆ. ಅದನ್ನು ಕೊಳ್ಳುವ ಮೊದಲೇ ನುಡಿಸಿ ನೋಡಬಹುದು. ಕಸ್ಟಮ್ ಗಿಟಾರ್ ಹಾಗಲ್ಲ, ಕಾಗದದ ಮೇಲೆ ಆರಿಸಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಯಬೇಕು. ಬಂದ ಗಿಟಾರ್ ಚೆನ್ನಾಗಿಯೇ ಇರಬಹುದು, ಆದರೆ ನಿಮ್ಮ ಕನಸಿನಲ್ಲಿ ಕೇಳಿದ ನಾದವೇ ಇರುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು. ನಿಮಗೆ ಬೇಕಾದ ಅಳತೆಯ ಗಿಟಾರ್ ಅಂಗಡಿಯಲ್ಲೇ ಸಿಕ್ಕಿ, ಕೈಗೂ ಕಿವಿಗೂ ಹಿಡಿಸಿದರೆ, ಅದನ್ನೇ ತೆಗೆದುಕೊಂಡು ಮನೆಗೆ ಹೋಗಿ. ಬೇಕಾದ ಅಳತೆ ಯಾವ ಮಾಡೆಲ್‌ನಲ್ಲೂ ಸಿಗದಿದ್ದಾಗ ಕಸ್ಟಮ್ ಆರ್ಡರ್‌ಗೆ ಅರ್ಥ ಬರುತ್ತದೆ.

ಮುಂಗಡ ಕೊಡುವ ಮೊದಲು ಏನು ಕೇಳಬೇಕು?

ಬೆಲೆಯ ಒಂದು ಪಾಲನ್ನು ಮುಂಗಡವಾಗಿ ಕೊಟ್ಟ ಮೇಲೆಯೇ ಡೀಲರ್ ಕಾರ್ಖಾನೆಗೆ ಆರ್ಡರ್ ಕಳಿಸುತ್ತಾರೆ. ಈ ಹಣ ಅನೇಕ ಕಡೆ ವಾಪಸ್ ಸಿಗುವುದಿಲ್ಲ. ಇದರಲ್ಲಿ ಮೋಸವೇನಿಲ್ಲ. ಫ್ರೆಟ್‌ಬೋರ್ಡ್ ಮೇಲೆ ನಿಮ್ಮ ಮಗಳ ಹೆಸರು ಕೆತ್ತಿಸಿದ ಗಿಟಾರನ್ನೋ, ಎಡಗೈಯವರ ಗಿಟಾರನ್ನೋ ನೀವು ಬೇಡವೆಂದರೆ ಅವರು ಯಾರಿಗೆ ಮಾರಬೇಕು? ಆದರೆ ಈ ವಿಷಯ ಮೊದಲೇ ನಿಮಗೆ ಗೊತ್ತಿರಬೇಕು. ಕೆಳಗಿನವನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ.

1. ಮುಂಗಡ ಎಷ್ಟು? ಯಾವ ಹಂತದವರೆಗೆ ವಾಪಸ್ ಸಿಗುತ್ತದೆ, ಯಾವಾಗಿನಿಂದ ಇಲ್ಲ?
2. ಆರ್ಡರ್ ಕೊಟ್ಟ ಮೇಲೆ ಬದಲಾವಣೆ ಮಾಡಲು ಕೊನೆಯ ದಿನ ಯಾವುದು?
3. ಹೇಳಿದ ಬೆಲೆಯೇ ಕೊನೆಯ ಬೆಲೆಯೇ? ನಡುವೆ ಕಂಪನಿ ದರ ಏರಿಸಿದರೆ ಯಾರು ಕೊಡಬೇಕು?
4. ಅಂದಾಜು ಎಷ್ಟು ತಿಂಗಳು? ತಡವಾದರೆ ಏನು?
5. ಗಿಟಾರ್ ನಾವು ಬರೆದುಕೊಟ್ಟಂತೆ ಇಲ್ಲದಿದ್ದರೆ ಸರಿಪಡಿಸುವವರು ಯಾರು?
6. ವಾರಂಟಿ ಯಾವ ದೇಶದಲ್ಲಿ ನಡೆಯುತ್ತದೆ?
7. ಬಳಸಿದ ಎಲ್ಲ ಮರಗಳ ಹೆಸರಿರುವ ದಾಖಲೆ ಕೊಡುತ್ತೀರಾ?

ಭಾರತದಲ್ಲಿ ಇದ್ದುಕೊಂಡು ಆರ್ಡರ್ ಕೊಡುವವರು ಇನ್ನೊಂದು ಪ್ರಶ್ನೆ ಸೇರಿಸಿ: ಸಾಗಣೆ, ವಿಮೆ, ಆಮದು ಸುಂಕ, ಜಿಎಸ್‌ಟಿ ಎಲ್ಲ ಸೇರಿ ನನ್ನ ಮನೆ ಬಾಗಿಲಿಗೆ ಎಷ್ಟು ಬೀಳುತ್ತದೆ?

ಕಾರ್ಖಾನೆಗೆ ಹೋಗುವ ಅಂತಿಮ ಪಟ್ಟಿಯ ಪ್ರತಿಯನ್ನು ತರಿಸಿಕೊಂಡು, ಒಂದೊಂದು ಸಾಲನ್ನೂ ಓದಿ. ನಟ್ ಅಗಲದ ಒಂದು ಅಂಕಿ ತಪ್ಪಿದರೆ ಒಂದು ವರ್ಷ ಕಾದು ತಪ್ಪು ಗಿಟಾರ್ ಪಡೆಯುತ್ತೀರಿ.

ಗಿಟಾರ್ ಬಂದ ದಿನ

ಚಳಿಯಲ್ಲಿ ಪಾರ್ಸೆಲ್ ಬಂದರೆ ಪೆಟ್ಟಿಗೆಯನ್ನು ಕೂಡಲೇ ತೆರೆಯಬೇಡಿ. ಕೆಲವು ಗಂಟೆ ಮನೆಯ ಬಿಸಿಗೆ ಒಗ್ಗಲು ಬಿಡಿ. ಆಮೇಲೆ ಆರ್ಡರ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿ. ನಟ್ ಅಗಲವನ್ನು ಅಳೆಯಿರಿ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒತ್ತಿ ನುಡಿಸಿ, ಎಲ್ಲಾದರೂ ಝರ್ ಎನ್ನುತ್ತದೆಯೇ ಕೇಳಿ. 12ನೇ ಫ್ರೆಟ್ ಬಳಿ ದಪ್ಪ ತಂತಿಯ ಎತ್ತರ ಸುಮಾರು 2.4 ಮಿ.ಮೀ., ಸಣ್ಣ ತಂತಿಯದು 1.6 ಮಿ.ಮೀ.ನ ಆಸುಪಾಸು ಇದ್ದರೆ ಸಾಮಾನ್ಯವಾಗಿ ಸಲೀಸು. ಹೆಚ್ಚುಕಡಿಮೆ ಇದ್ದರೆ ಗಾಬರಿ ಬೇಡ, ಇದನ್ನು ಡೀಲರ್ ಸರಿಪಡಿಸಿಕೊಡುತ್ತಾರೆ. ಎಲ್ಲದರ ಫೋಟೊ ತೆಗೆದಿಡಿ.

ಕೊನೆಯ ಮಾತು, ತೇವಾಂಶ. ಮರ ಗಾಳಿಯಿಂದ ನೀರು ಹೀರುತ್ತದೆ, ಬಿಡುತ್ತದೆ. ನಾರಿನ ಅಡ್ಡಕ್ಕೆ ಉಬ್ಬುತ್ತದೆ, ಕುಗ್ಗುತ್ತದೆ. ಗಿಟಾರ್‌ಗೆ ಹಿತವಾದ ತೇವಾಂಶ 45ರಿಂದ 55%. ನ್ಯೂಜೆರ್ಸಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ಇದಕ್ಕಿಂತ ತುಂಬಾ ಒಣಗಿರುತ್ತದೆ, ಟಾಪ್ ಬಿರುಕು ಬಿಡಬಹುದು. ಸಕಲೇಶಪುರದ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ. ಟಾಪ್ ಉಬ್ಬಿ ತಂತಿ ಮೇಲೇಳುತ್ತದೆ. ಪೆಟ್ಟಿಗೆಯೊಳಗೆ ತೇವಾಂಶ ತೋರಿಸುವ ಪುಟ್ಟ ಮೀಟರ್ ಇಟ್ಟು, ನುಡಿಸದಿದ್ದಾಗ ಗಿಟಾರನ್ನು ಅದರೊಳಗೇ ಇಡಿ. ಅಪರೂಪದ ಮರಕ್ಕಿಂತ ಈ ಸಣ್ಣ ಮೀಟರ್ ನಿಮ್ಮ ಗಿಟಾರ್‌ಗೆ ಹೆಚ್ಚು ಉಪಕಾರ ಮಾಡುತ್ತದೆ.

ಒಟ್ಟಿನಲ್ಲಿ

ನಮ್ಮ ಓದುಗರು ಕಣ್ಣು ಮುಚ್ಚಿ ನುಡಿಸುವ ಪರೀಕ್ಷೆಯನ್ನು ಡೀಲರ್ ಅಂಗಡಿಯಲ್ಲೇ ಮಾಡಿ ನೋಡಿದರಂತೆ. ಹತ್ತರಲ್ಲಿ ನಾಲ್ಕು ಸರಿ. ಮೂರು ಗಿಟಾರ್‌ಗಳ ನಡುವೆ ಸುಮ್ಮನೆ ಊಹಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ! ಕೊನೆಗೆ ಚಿಕ್ಕ ದೇಹ, 24.9 ಇಂಚಿನ ಸ್ಕೇಲ್, 44.5 ಮಿ.ಮೀ. ನಟ್ ಎಂದು ಬರೆಸಿ, ಹಿಂಬದಿಗೆ ಭಾರತದ ಬೀಟೆಯನ್ನೇ ಆರಿಸಿದ್ದಾರೆ. ಉಳಿದ ಹಣದಲ್ಲಿ ಊರಿಗೆ ಬರುವ ಟಿಕೆಟ್ ಆಗುತ್ತದಂತೆ. ಗಿಟಾರ್ ಇನ್ನೂ ಬಂದಿಲ್ಲ. ಮಾವನಿಗೆ ಮಾತ್ರ, "ನಿಮ್ಮ ಮರವನ್ನೇ ಹಾಕಿಸುತ್ತಿದ್ದೇನೆ" ಎಂದು ಹೇಳಿದ್ದಾರೆ.

ಇನ್ನು ಮುಂದೆ ಯಾರಾದರೂ "ಅಪರೂಪದ ಮರ, ಅಪರೂಪದ ನಾದ" ಎಂಬ ಮೆಸೇಜ್ ಕಳಿಸಿದರೆ, ಮುಂದಕ್ಕೆ ತಳ್ಳುವ ಮೊದಲು ಅವರಿಗೆ ಒಂದೇ ಪ್ರಶ್ನೆ ಕೇಳಿ: "ಕಣ್ಣು ಮುಚ್ಚಿಕೊಂಡು ಕೇಳಿ ನೋಡಿದ್ದೀರಾ?"